ಕಾಲ್ಚೆಂಡೂ ನಡತೆಯೂ

ಹಸ್ತಿನಾಪುರದ ಹೊರಬಯಲಿನಲ್ಲಿ ಹುಡುಗರು ಚೆಂಡಾಡುತ್ತಿದ್ದರು. ಆಟದ ಭರದಲ್ಲಿ ಚೆಂಡು ಉರುಳಿಹೋಗಿ ಒಂದು ಹಾಳು ಬಾವಿಗೆ ಬಿತ್ತು. ನೂರೈದು ಮಂದಿ ರಾಜಕುಮಾರರು ಬಾವಿಯ ಸುತ್ತ ನಿಂತು ಬಗ್ಗಿ ನೋಡಿದರೇ ಹೊರತು, ಅದನ್ನು ಮೇಲಕ್ಕೆ ತರುವ ಬಗೆ ಒಬ್ಬನಿಗೂ ತಿಳಿಯಲಿಲ್ಲ. ಆ ದಾರಿಯಲ್ಲಿ ಬಂದ ಬಡ ಬ್ರಾಹ್ಮಣನೊಬ್ಬ ನಕ್ಕು, ಹುಲ್ಲುಕಡ್ಡಿಗಳನ್ನೇ ಮಂತ್ರಿಸಿ, ಒಂದರ ಹಿಂದೆ ಒಂದನ್ನು ನಾಟಿಸಿ, ಚೆಂಡನ್ನು ಮೇಲೆತ್ತಿ ಕೊಟ್ಟ. ನಮ್ಮ ಮನೆಗಳಲ್ಲಿ ಹೇಳಿಕೊಂಡು ಬಂದ ಭಾರತದ ಕಥೆಯಲ್ಲಿ ಕುರುಕುಲಕ್ಕೆ ದ್ರೋಣಾಚಾರ್ಯರು ಗುರುವಾಗಿ ದೊರೆತದ್ದು ಹೀಗೆ, ಒಂದು ಚೆಂಡಿನ ನೆಪದಲ್ಲಿ.

ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನ್ನನ್ನು ಕಾಡುವುದು ಅದರ ಮುಂದಿನ ಭಾಗ. ಅದೇ ಬಯಲು, ಅದೇ ಗುರು, ಅದೇ ವಿದ್ಯೆ. ಕಲಿತವರಲ್ಲಿ ಒಬ್ಬ ಧರ್ಮರಾಯನಾದ, ಇನ್ನೊಬ್ಬ ದುರ್ಯೋಧನನಾದ. ಆಟವಾಡುವಾಗ ಭೀಮ ಕೌರವರನ್ನು ಹಿಡಿದು ಎಳೆದಾಡುತ್ತಿದ್ದ, ಮರ ಹತ್ತಿದವರನ್ನು ಮರ ಅಲುಗಿಸಿ ಬೀಳಿಸುತ್ತಿದ್ದ. ಅವನಿಗೆ ಅದು ಹುಡುಗಾಟ. ಬಿದ್ದವರ ಮನಸ್ಸಿನಲ್ಲಿ ಮಾತ್ರ ಹಗೆಯ ಬೀಜ ಮೊಳೆಯಿತು. ಹಿರಿಯರು ಎಷ್ಟೋ ಮಂದಿ ಇದ್ದರು. ಆಟದ ಬಯಲಿನ ಕಡೆ ಕಣ್ಣಿಟ್ಟವರು ಇರಲಿಲ್ಲ. ಕುರುಕ್ಷೇತ್ರದ ದಾರಿ ಆ ಬಯಲಿನಿಂದಲೇ ಹೊರಟಿತೆಂದರೆ ಅತಿಶಯೋಕ್ತಿಯಾಗಲಾರದು.

ನಮ್ಮ ಶಾಲೆಗಳ ಕ್ರೀಡಾದಿನದಂದು ಒಂದು ಭಾಷಣ ತಪ್ಪದೆ ಕೇಳಿಬರುತ್ತದೆ. ಆಟದಿಂದ ಶಿಸ್ತು ಬರುತ್ತದೆ, ಒಗ್ಗಟ್ಟು ಬರುತ್ತದೆ, ಶೀಲ ಬೆಳೆಯುತ್ತದೆ ಎಂದು ಅತಿಥಿಗಳು ಹೇಳುತ್ತಾರೆ. ಮಕ್ಕಳು ಬಿಸಿಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಆ ಭಾಷಣವನ್ನು ಹಲವು ಸಲ ಬರೆದುಕೊಟ್ಟವನು ನಾನೇ. ಕನ್ನಡ ಪಂಡಿತನೆಂದಮೇಲೆ ಸ್ವಾಗತ, ವಂದನಾರ್ಪಣೆ, ಅತಿಥಿಗಳ ಭಾಷಣ ಎಲ್ಲವೂ ನನ್ನ ಪಾಲಿಗೇ ಬರುತ್ತವೆ. ಆದರೆ ಈಚೆಗೆ ಆ ಮಾತನ್ನು ಬರೆಯುವಾಗ ಲೇಖನಿ ತಡವರಿಸುತ್ತದೆ. ಆಟ ತಾನಾಗಿಯೇ ಶೀಲವನ್ನು ಕೊಡುವುದಾದರೆ ದುರ್ಯೋಧನನಿಗೇಕೆ ಕೊಡಲಿಲ್ಲ?

ಶೀಲ ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ಅಮರಕೋಶದಲ್ಲಿ ಈ ಶಬ್ದಕ್ಕೆ ಎರಡು ಅರ್ಥಗಳಿವೆ: ಒಂದು ಸ್ವಭಾವ, ಇನ್ನೊಂದು ಸದ್ವೃತ್ತಿ. ಹುಟ್ಟಿನಿಂದ ಬಂದ ಗುಣವೂ ಶೀಲ, ಒಳ್ಳೆಯ ನಡತೆಯೂ ಶೀಲ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವ ದಾರಿಯೇ ಶಿಕ್ಷಣ. ನಮ್ಮ ಅಚ್ಚಗನ್ನಡದ 'ನಡತೆ' ಎಂಬ ಮಾತು 'ನಡೆ' ಎಂಬ ಧಾತುವಿನಿಂದ ಬಂದದ್ದು. ನಡೆಯುತ್ತ ನಡೆಯುತ್ತ ಆಗುವುದು ನಡತೆ. ಅದು ನುಡಿಯಿಂದ ಬರುವುದಿಲ್ಲವೆಂದು ನಮ್ಮ ಭಾಷೆಯೇ ಸಾರುತ್ತಿದೆ. ಹಾಗಾದರೆ ನಡೆಯುವುದಕ್ಕೆ ಒಂದು ಬಯಲು ಬೇಕು, ತಪ್ಪು ಹೆಜ್ಜೆಯನ್ನು ತಿದ್ದುವುದಕ್ಕೆ ಒಬ್ಬರು ಬೇಕು. ಕಾಲ್ಚೆಂಡಾಟ ಆ ಬಯಲನ್ನು ಒದಗಿಸುತ್ತದೆ. ತಿದ್ದುವವರನ್ನು ನಾವು ಒದಗಿಸಬೇಕು.

ಬೇರೆ ಆಟಗಳೂ ಇರುವಾಗ ಕಾಲ್ಚೆಂಡನ್ನೇ ಏಕೆ ಹಿಡಿದೆ ಎನ್ನುತ್ತೀರಿ. ಮೊದಲನೆಯದಾಗಿ, ಅದು ಬಡವರ ಆಟ. ಒಂದು ಚೆಂಡಿದ್ದರೆ ಇಪ್ಪತ್ತೆರಡು ಮಕ್ಕಳು ಆಡಬಹುದು. ಬಿಟ್ಟ ಚಪ್ಪಲಿಗಳೆರಡು ಗೋಲಿನ ಕಂಬಗಳಾಗುತ್ತವೆ. ಎರಡನೆಯದು ಒಂದು ಸಣ್ಣ ಲೆಕ್ಕ. ಪೂರ್ಣ ಪಂದ್ಯಕ್ಕೆ 90 ನಿಮಿಷ, ಎರಡು ಕಡೆಯೂ ಸೇರಿ ಆಟಗಾರರು 22 ಮಂದಿ. ಚೆಂಡನ್ನು ಸಮನಾಗಿ ಹಂಚಿದರೂ ಒಬ್ಬೊಬ್ಬನ ಪಾಲಿಗೆ ನಾಲ್ಕು ನಿಮಿಷ ಬರುತ್ತದೆ. ಚೆಂಡು ಗೆರೆಯಾಚೆ ಹೋದ ಹೊತ್ತನ್ನೂ ಗಾಳಿಯಲ್ಲಿರುವ ಹೊತ್ತನ್ನೂ ಕಳೆದರೆ ಇನ್ನೂ ಕಡಿಮೆ. ಉಳಿದ ಎಂಬತ್ತಾರು ನಿಮಿಷ ಅವನು ಏನು ಮಾಡಬೇಕು? ಚೆಂಡು ಇನ್ನೊಬ್ಬನ ಕಾಲಲ್ಲಿರುವಾಗ ಅವನಿಗೆ ದಾರಿ ಮಾಡಿಕೊಡಬೇಕು, ಅವನು ತಪ್ಪಿದರೆ ಹಿಂದಕ್ಕೆ ಓಡಿಬಂದು ಆ ತೆರಪನ್ನು ತುಂಬಬೇಕು, ಚೆಂಡು ಬಾರದಿದ್ದರೂ ಬರಬಹುದೆಂದು ಓಡುತ್ತಿರಬೇಕು.

ಸಂಸಾರವೂ ಹೀಗೆಯೇ ಅಲ್ಲವೆ? ನಮ್ಮ ಕಾಲಿಗೆ ಚೆಂಡು ಬರುವುದು ನಾಲ್ಕು ನಿಮಿಷ. ಮದುವೆಯ ಮನೆಯಲ್ಲಿ ಒಬ್ಬ ಮದುಮಗನಾದರೆ ನೂರು ಮಂದಿ ನೀರು ತುಂಬುತ್ತಾರೆ, ಎಲೆ ಹಾಕುತ್ತಾರೆ. ಕಾಣದ ಕೆಲಸವನ್ನು ಮನಸ್ಸಿಟ್ಟು ಮಾಡುವ ಅಭ್ಯಾಸವನ್ನು ಹದಿಮೂರು ವರ್ಷದ ಹುಡುಗನಿಗೆ ಬಾಯಲ್ಲಿ ಹೇಳಿ ಕಲಿಸಲಾಗದು. ನಾನು ಎಷ್ಟೋ ನೀತಿಪಾಠಗಳನ್ನು ಮಾಡಿ ನೋಡಿದ್ದೇನೆ. ಬಯಲಿನಲ್ಲಿ ಅದೇ ಹುಡುಗ, ಜೊತೆಗಾರ ಗೋಲು ಹೊಡೆಯಲೆಂದು ತಾನು ಎದುರಾಳಿಯನ್ನು ಒಂದು ಪಕ್ಕಕ್ಕೆ ಸೆಳೆದುಕೊಂಡು ಹೋಗುವುದನ್ನು ಕಂಡಿದ್ದೇನೆ. ಆದರೆ ಅದನ್ನು ಕಂಡು 'ಭಲೆ' ಎನ್ನುವವರು ಬೇಕು. ಗೋಲು ಹೊಡೆದವನಿಗಷ್ಟೇ ಭಲೆ ಎಂದರೆ, ಮರುದಿನದಿಂದ ಎಲ್ಲರೂ ಗೋಲಿನ ಮುಂದೆಯೇ ಗುಂಪುಕಟ್ಟಿ ನಿಲ್ಲುತ್ತಾರೆ.

ಈ ಗುಟ್ಟನ್ನು ಅರಿತಿದ್ದ ಒಬ್ಬ ಉಪಾಧ್ಯಾಯರು ನಮ್ಮ ನೆರೆಯ ಹೈದರಾಬಾದಿನಲ್ಲಿದ್ದರು. ಅವರ ಹೆಸರು ಸೈಯದ್ ಅಬ್ದುಲ್ ರಹೀಂ. 2024ರಲ್ಲಿ ಅವರ ಜೀವನವನ್ನು ಕುರಿತು ಒಂದು ಹಿಂದಿ ಚಲನಚಿತ್ರ ಬಂದಮೇಲೆ ಹೊಸ ತಲೆಮಾರಿನವರಿಗೂ ಆ ಹೆಸರು ತಿಳಿಯಿತು. 1909ರಲ್ಲಿ ಹುಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿ, ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ಅವರು ದೈಹಿಕ ಶಿಕ್ಷಣದ ತರಬೇತಿಯನ್ನೂ ಪಡೆದು, ಕಾಲ್ಚೆಂಡಿನ ಗುರುವಾದರು. ಅವರು ತಿದ್ದಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಒಂದೇ ಸಮನೆ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಭಾರತದ ತಂಡಕ್ಕೂ ಅವರೇ ಗುರು.

ರಹೀಂ ಅವರು ಎಳೆಯರಿಗಾಗಿ ನಡೆಸುತ್ತಿದ್ದ ಎರಡು ಬಗೆಯ ಪಂದ್ಯಗಳನ್ನು ನೀವು ಕೇಳಬೇಕು. ಒಂದರಲ್ಲಿ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು, ಎದುರಾಳಿಗಳನ್ನು ವಂಚಿಸುತ್ತ ಒಬ್ಬನೇ ಓಡುವಂತಿಲ್ಲ. ಆಟದ ಭಾಷೆಯಲ್ಲಿ ಡ್ರಿಬ್ಲಿಂಗ್ ಎಂಬ ಆ ವಿದ್ಯೆಗೆ ಅಲ್ಲಿ ನಿಷೇಧ. ಬಂದ ಚೆಂಡನ್ನು ಜೊತೆಯವನಿಗೆ ದಾಟಿಸಲೇಬೇಕು. ಇನ್ನೊಂದರಲ್ಲಿ ಬಲಗಾಲಿನವನು ಎಡಗಾಲಿನಿಂದ, ಎಡಗಾಲಿನವನು ಬಲಗಾಲಿನಿಂದ, ಹೀಗೆ ಯಾರಿಗೆ ಯಾವ ಕಾಲು ಬಲಹೀನವೋ ಆ ಕಾಲಿನಿಂದಲೇ ಆಡಬೇಕು. ಆಟದ ಕೌಶಲಕ್ಕಾಗಿ ಮಾಡಿದ ಏರ್ಪಾಡು ಇದು, ನಿಜ. ಆದರೆ ಉಪಾಧ್ಯಾಯನಾದ ನನಗೆ ಇದರಲ್ಲಿ ಬೇರೊಂದೂ ಕಾಣುತ್ತದೆ. ತನಗೆ ಚೆನ್ನಾಗಿ ಬರುವುದನ್ನು ಎಲ್ಲರೆದುರು ಮಾಡಿ ಮೆರೆಯುವುದಕ್ಕೆ ಮಕ್ಕಳಿಗೆ ಯಾರ ಪ್ರೇರಣೆಯೂ ಬೇಡ. ತನಗೆ ಬಾರದುದನ್ನು ಎಲ್ಲರೆದುರು ಮಾಡಿ, ಎಡವಿ, ನಗೆಗೀಡಾಗಿ, ಮತ್ತೆ ಮಾಡುವುದಕ್ಕೆ ಧೈರ್ಯ ಬೇಕು. ಎಲ್ಲರೂ ಎಡವುವ ಪಂದ್ಯದಲ್ಲಿ ಒಬ್ಬರನ್ನು ನೋಡಿ ಇನ್ನೊಬ್ಬರು ನಗುವಂತಿಲ್ಲ. ಗಣಿತಕ್ಕೆ ಹೆದರುವ ಹುಡುಗಿಗೂ, ಸಭೆಯಲ್ಲಿ ನಿಂತು ಮಾತನಾಡಲು ನಡುಗುವ ಹುಡುಗನಿಗೂ ಬೇಕಾದದ್ದು ಇಂಥ ಒಂದು ಬಯಲು.

ಇನ್ನು ಸೋಲಿನ ಮಾತು. ನಮ್ಮ ಮಕ್ಕಳಿಗೆ ಗೆಲ್ಲುವುದನ್ನು ಕಲಿಸುವವರು ಬೇಕಾದಷ್ಟಿದ್ದಾರೆ. ಸೋಲುವುದನ್ನು ಕಲಿಸುವವರು ಯಾರು? ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದೊಡನೆ ಮನೆ ಬಿಟ್ಟು ಹೋಗುವ, ಅದಕ್ಕಿಂತ ಘೋರವಾದುದನ್ನು ಮಾಡಿಕೊಳ್ಳುವ ಮಕ್ಕಳ ಸುದ್ದಿ ಪ್ರತಿ ವರ್ಷ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ಬರುತ್ತದೆ. ಅದನ್ನು ಓದುವಾಗ, ಈ ಮಗು ಚಿಕ್ಕ ಚಿಕ್ಕ ಸೋಲುಗಳನ್ನು ಸಂಜೆ ಐದು ಗಂಟೆಗೆ ಉಂಡು, ಆರು ಗಂಟೆಗೆ ಕೈಕಾಲು ತೊಳೆದುಕೊಂಡು ಮನೆಗೆ ಬರುವ ಅಭ್ಯಾಸ ಮಾಡಿಕೊಂಡಿದ್ದರೆ ಹೀಗಾಗುತ್ತಿತ್ತೆ ಎಂದು ನನಗೆ ಅನಿಸುತ್ತದೆ.

ಬೆಂಗಳೂರಿನ ಕಾಲ್ಚೆಂಡಿನ ಚರಿತ್ರೆಯಲ್ಲಿ ಸೋಲಿನ ಎರಡು ದೊಡ್ಡ ಪಾಠಗಳಿವೆ. ದಂಡಿನ ಪ್ರದೇಶದ ಬಯಲುಗಳಲ್ಲಿ ಬೆಳೆದ ಆ ಊರಿನ ಆಟ ಬಹಳ ಹಿಂದಿನಿಂದಲೂ ಹೆಸರಾದದ್ದು. 1937ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಭಾರತಕ್ಕೆ ಸಮಗೋಲನ್ನು ತಂದುಕೊಟ್ಟವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆದರೆ ಆ ಪಂದ್ಯದಲ್ಲಿ ಸಿಕ್ಕಿದ ಎರಡು ಪೆನಾಲ್ಟಿ ಹೊಡೆತಗಳೂ ಕೈತಪ್ಪಿದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು.

ನಾಲ್ಕು ವರ್ಷಗಳ ಮೇಲೆ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಇದಕ್ಕಿಂತ ದೊಡ್ಡ ಸೋಲು. ಯುಗೊಸ್ಲಾವಿಯದ ಎದುರು ನಮ್ಮವರು 1-10ರಿಂದ ಸೋತರು. ಇಂಥ ಪಂದ್ಯದ ಅಂಕಿಯನ್ನು ನಾವು ಓದುವಾಗ ಹತ್ತರ ಮೇಲೆ ಕಣ್ಣಿಡುತ್ತೇವೆ. ನಾನು ನನ್ನ ಹುಡುಗರಿಗೆ ಆ ಒಂದರ ಮೇಲೆ ಕಣ್ಣಿಡಿರಿ ಎನ್ನುತ್ತೇನೆ. ಆ ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಹೊಡೆದದ್ದು ಆಟ ಮುಗಿಯಲು ಬಂದ ಕೊನೆಯ ಗಳಿಗೆಯಲ್ಲಿ. ಗೆಲುವು ಎಂದೋ ಕೈಬಿಟ್ಟು ಹೋಗಿತ್ತು. ಆ ಗೋಲಿನಿಂದ ಪಂದ್ಯದ ಫಲ ಕೂದಲೆಳೆಯಷ್ಟೂ ಬದಲಾಗುವಂತಿರಲಿಲ್ಲ. ಆದರೂ ಅವರು ಆಡುತ್ತಿದ್ದರು. ಸೀಟಿ ಊದುವವರೆಗೂ ಆಡುವುದು ಆಟಗಾರನ ಧರ್ಮವೆಂದು ಯಾವ ನೀತಿಗ್ರಂಥ ಇದಕ್ಕಿಂತ ಚೆನ್ನಾಗಿ ಹೇಳೀತು?

ಇದೇ ಅಹ್ಮದ್ ಖಾನರು ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಆಡುತ್ತಿದ್ದಾಗ, ದಕ್ಷಿಣದಿಂದ ಹೋಗಿದ್ದ ಮುಂಚೂಣಿಯ ಐವರನ್ನು ಅಲ್ಲಿಯ ಜನ 'ಪಂಚಪಾಂಡವರು' ಎಂದು ಕರೆದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹ್ಮದ್ ಖಾನ್ ಎಂಬ ಐವರು. ಪಾಂಡವರ ಹೆಸರು ಸಾಲೆಯವರಿಗೂ ಅಹ್ಮದ್ ಖಾನರಿಗೂ ಸಹಜವಾಗಿ ಸಂದಿತು. ಚೆಂಡು ದಾಟಿಸುವಾಗ ಯಾರೂ ಜಾತಿ ಕೇಳುವುದಿಲ್ಲ. ಕೇಳುವಷ್ಟು ಹೊತ್ತೂ ಇರುವುದಿಲ್ಲ.

ಹೆಲ್ಸಿಂಕಿಯಲ್ಲಿ ಸೋತ ತಂಡದ ಗುರು ರಹೀಂ ಅವರೇ ಆಗಿದ್ದರು. ಅಷ್ಟು ದೊಡ್ಡ ಸೋಲಾದಮೇಲೆ ಅವರು ಮತ್ತೆ ಕೆಲಸಕ್ಕೆ ಕುಳಿತರು. ನಮ್ಮವರು ಬೂಟು ಹಾಕಿ ಆಡುವುದನ್ನು ಕಲಿತರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ಆಸ್ಟ್ರೇಲಿಯವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ನಮ್ಮ ಕೆಂಪಯ್ಯನವರೂ ಇದ್ದರು.

1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದವರಿಂದ 0-2ರ ಸೋಲು. ಅಲ್ಲಿಂದ ಒಂದೊಂದೇ ಪಂದ್ಯವನ್ನು ಗೆದ್ದು ಅಂತಿಮ ಘಟ್ಟಕ್ಕೆ ಬಂದರೆ ಎದುರಿಗೆ ನಿಂತವರು ಅದೇ ಕೊರಿಯದವರು. ರಾಜಕೀಯ ಕಾರಣಗಳಿಂದ ಕ್ರೀಡಾಂಗಣದ ಜನವೆಲ್ಲ ಭಾರತದ ಮೇಲೆ ಮುನಿದಿತ್ತು. ಹಿಂಬದಿಯ ಕಾವಲಿನ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಂ ಅವರನ್ನು ಮುಂಚೂಣಿಯಲ್ಲಿ ಆಡಿಸಿದರು. ಪಿ.ಕೆ. ಬ್ಯಾನರ್ಜಿಯವರದೊಂದು, ಜರ್ನೈಲರದೊಂದು ಗೋಲು. ಭಾರತ 2-1ರಿಂದ ಗೆದ್ದು ಚಿನ್ನದ ಪದಕ ತಂದಿತು. ಆ ವೇಳೆಗಾಗಲೇ ರಹೀಂ ಅವರ ಶ್ವಾಸಕೋಶವನ್ನು ಕ್ಯಾನ್ಸರ್ ಹಿಡಿದಿತ್ತು. 1963ರ ಜೂನಿನಲ್ಲಿ, ಇನ್ನೂ 54 ತುಂಬುವ ಮೊದಲೇ, ಅವರು ತೀರಿಕೊಂಡರು. ಹತ್ತು ಗೋಲುಗಳ ಸೋಲಿನಿಂದ ಚಿನ್ನದವರೆಗೆ ಹತ್ತು ವರ್ಷ. ಒಬ್ಬ ಉಪಾಧ್ಯಾಯನ ತಾಳ್ಮೆಯ ಅಳತೆ ಅದು.

ದೊಡ್ಡವರ ಕಥೆ ಇರಲಿ, ನಮ್ಮ ಬೀದಿಯ ಮಕ್ಕಳ ಕಡೆ ಬರೋಣ. ಅವರ ಆಟಕ್ಕೆ ರೆಫರಿ ಇರುವುದಿಲ್ಲ. ಗೋಲಿಗೆ ಅಡ್ಡಪಟ್ಟಿಯೂ ಇಲ್ಲ. ಚೆಂಡು ತಲೆಯ ಮೇಲೆ ಹಾರಿತೆಂದು ಒಂದು ಪಕ್ಷ, ಒಳಗೇ ಹೋಯಿತೆಂದು ಇನ್ನೊಂದು ಪಕ್ಷ. ಐದು ನಿಮಿಷ ಕೂಗಾಟವಾಗುತ್ತದೆ. ಆಮೇಲೆ ಹೇಗೋ ಒಂದು ತೀರ್ಮಾನವಾಗಿ ಆಟ ಮುಂದುವರಿಯುತ್ತದೆ. ಮಹಡಿಯ ಮೇಲಿನಿಂದ ನೋಡುವ ನಮಗೆ ಅದು ಬರಿಯ ಗಲಾಟೆ. ಆದರೆ ಅಲ್ಲಿ ನಡೆಯುವುದು ನ್ಯಾಯಾಲಯದ ಕೆಲಸ. ತೀರ್ಮಾನಕ್ಕೆ ಬಾರದಿದ್ದರೆ ಆಟವೇ ನಿಂತುಹೋಗುತ್ತದೆ, ಕತ್ತಲೂ ಆಗುತ್ತಿದೆ, ಚೆಂಡಿನ ಒಡೆಯ ಮುನಿಸಿಕೊಂಡು ಹೊರಟೇ ಬಿಟ್ಟಾನು. ಆಟ ನಿಂತೀತೆಂಬ ಆ ಭಯದಿಂದಲೇ ಮಕ್ಕಳು ಬಿಟ್ಟುಕೊಡುವುದನ್ನು ಕಲಿಯುತ್ತಾರೆ. 'ಈ ಸಲ ನಿಮ್ಮದೇ ಸರಿ, ಆಡೋಣ ಬನ್ನಿ' ಎಂಬ ಮಾತನ್ನು ಕಲಿತ ಹುಡುಗ ಮುಂದೆ ಅಣ್ಣತಮ್ಮಂದಿರ ಪಾಲಿನ ಜಗಳದಲ್ಲೂ ಅದನ್ನು ನೆನೆದಾನು. ಮಾತು ಕೊಂಚ ಏರಿದೊಡನೆ ಮಹಡಿಯಿಂದ ಇಳಿದುಹೋಗಿ ನಾವೇ ತೀರ್ಪು ಕೊಟ್ಟರೆ ಆ ಪಾಠ ಅಲ್ಲಿಗೆ ನಿಂತಿತು. ಏಟಿಗೆ ಏಟು ಬೀಳುವಂತಾದರೆ ಮಾತ್ರ ಇಳಿಯಬೇಕು. ಭೀಮನ ಕಥೆ ನೆನಪಿರಲಿ.

ಆಟ ತಾನಾಗಿಯೇ ಪ್ರಾಮಾಣಿಕತೆಯನ್ನು ಕಲಿಸುವುದಿಲ್ಲವೆಂಬುದಕ್ಕೆ ಇನ್ನೊಂದು ಸಾಕ್ಷಿಯನ್ನು ಹೇಳಬೇಕು. 2009ರಲ್ಲಿ, 17 ವರ್ಷದೊಳಗಿನವರ ವಿಶ್ವಕಪ್ಪಿನ ಪಂದ್ಯಗಳಲ್ಲಿ, ಆಟಗಾರರ ಮಣಿಕಟ್ಟನ್ನು ಎಂ.ಆರ್.ಐ. ಯಂತ್ರದಲ್ಲಿಟ್ಟು ಪರೀಕ್ಷಿಸುವ ಕ್ರಮ ಬಂತು. ಮೂಳೆಯ ಬೆಳವಣಿಗೆಯಿಂದ ಹುಡುಗನ ವಯಸ್ಸು ಹದಿನೇಳನ್ನು ದಾಟಿದೆಯೇ ಎಂದು ಊಹಿಸುವ ಪರೀಕ್ಷೆ ಅದು. ಹುಟ್ಟಿದ ದಿನದ ಕಾಗದವನ್ನು ನಂಬುವಂತಿಲ್ಲವಾದ್ದರಿಂದ ಮೂಳೆಯನ್ನೇ ಕೇಳಬೇಕಾಯಿತು. ನಮ್ಮ ನಾಡಿನ ಶಾಲಾ ಪಂದ್ಯಗಳಲ್ಲೂ ಮೀಸೆ ಚಿಗುರಿದ ಹದಿನಾಲ್ಕು ವರ್ಷದವರನ್ನು ನಾನು ನೋಡಿಲ್ಲವೆಂದು ಹೇಳಲಾರೆ. ಆ ಸುಳ್ಳು ಕಾಗದವನ್ನು ಹುಡುಗ ಬರೆದುಕೊಂಡಿರುವುದಿಲ್ಲ. ಅದರ ಮೇಲೆ ಹಿರಿಯರ ಸಹಿ ಇರುತ್ತದೆ. ಹುಡುಗ ಅಂದು ಕಪ್ಪನ್ನು ಗೆದ್ದು ತಂದರೂ, ಗೆಲ್ಲುವುದಕ್ಕಾಗಿ ಹಿರಿಯರು ಏನು ಮಾಡುತ್ತಾರೆಂಬ ಪಾಠವನ್ನೂ ಕಲಿತುಕೊಂಡೇ ಬರುತ್ತಾನೆ. ಕಪ್ಪು ಗಾಜಿನ ಬೀರುವಿನಲ್ಲಿ ಉಳಿಯುತ್ತದೆ. ಪಾಠ ಅವನ ಬದುಕಿನುದ್ದಕ್ಕೂ ಜೊತೆಗಿರುತ್ತದೆ.

ಇತರರ ತಪ್ಪನ್ನು ಹೇಳಿದ ಮೇಲೆ ನನ್ನದನ್ನು ಮುಚ್ಚಿಡುವುದು ನ್ಯಾಯವಲ್ಲ.

ಬಹಳ ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಶಾಲೆಯ ತಂಡಕ್ಕೆ ಅವನೇ ಗೋಲಿನ ಕಾವಲುಗಾರ. ಕನ್ನಡದಲ್ಲಿ ಒತ್ತಕ್ಷರ ತಪ್ಪುತ್ತಿದ್ದ. ಸಂಧಿ ಸಮಾಸಗಳ ಗೊಡವೆ ಅವನಿಗಿರಲಿಲ್ಲ. ಕಿರುಪರೀಕ್ಷೆಯಲ್ಲಿ ಅವನಿಗೆ ಇಪ್ಪತ್ತೈದಕ್ಕೆ ನಾಲ್ಕು ಬಂದಾಗ ನಾನು ಒಂದು ಶಿಕ್ಷೆ ವಿಧಿಸಿದೆ: ಆಟದ ಅವಧಿಯಲ್ಲಿ ತರಗತಿಯಲ್ಲೇ ಕುಳಿತು ವ್ಯಾಕರಣ ಬರೆಯಬೇಕು. ಕಿಟಕಿಯ ಆಚೆ ಚೆಂಡಿನ ಸದ್ದು ಕೇಳುತ್ತಿದ್ದರೂ ಅವನು ತಲೆಯೆತ್ತದೆ ಬರೆಯುತ್ತಿದ್ದ. ನಮ್ಮ ಡ್ರಿಲ್ ಮಾಸ್ತರು ಒಂದು ದಿನ ನನ್ನ ಹತ್ತಿರ ಬಂದು, "ಪಂಡಿತರೇ, ಆ ಹುಡುಗ ಸ್ಕೂಲಿಗೆ ಬರೋದೇ ಅದೊಂದು ಪೀರಿಯಡ್ಡಿಗೋಸ್ಕರ. ಅದನ್ನ ಕಿತ್ಕೊಂಡ್ರೆ ಮಿಕ್ಕಿದ್ದಕ್ಕೂ ಬರೋದಿಲ್ಲ" ಎಂದರು. ಆಟದವರಿಗೆ ಪಾಠದ ಬೆಲೆ ಏನು ತಿಳಿದೀತು ಎಂದುಕೊಂಡು ನಾನು ನಕ್ಕುಬಿಟ್ಟೆ.

ಒಂದು ತಿಂಗಳಾಗುವಷ್ಟರಲ್ಲಿ ಹುಡುಗ ಬರುವುದನ್ನು ನಿಲ್ಲಿಸಿದ. ಮನೆಗೆ ಹೇಳಿಕಳುಹಿಸಿದರೆ, ಕೆಲಸಕ್ಕೆ ಸೇರಿದ್ದಾನೆಂದರು. ನಾನೇ ಹೋಗಿ ಕರೆಯಬೇಕಾಗಿತ್ತು. ಹೋಗಲಿಲ್ಲ. ಕೆಲವು ವರ್ಷಗಳಾದಮೇಲೆ ನನ್ನ ಸ್ಕೂಟರು ಕೆಟ್ಟು ಒಂದು ಗ್ಯಾರೇಜಿನ ಮುಂದೆ ನಿಂತಾಗ, ಕೈಗೆಲ್ಲ ಎಣ್ಣೆ ಮಸಿಯಾಗಿದ್ದ ಒಬ್ಬ ಯುವಕ ಎದ್ದು ಬಂದು ನಮಸ್ಕಾರ ಮಾಡಿದ. ಅವನೇ. ಗಾಡಿಯನ್ನು ಸರಿಮಾಡಿ, ಬೇಡವೆಂದರೂ ಕೇಳದೆ ಸೀಟನ್ನು ಒರೆಸಿಕೊಟ್ಟ. ಹೊರಡುವಾಗ ಒಂದೇ ಮಾತು ಕೇಳಿದ: "ಗೋಲಿಗೆ ಈಗ ಯಾರು ನಿಲ್ತಾರೆ ಸಾರ್?"

ನನಗೆ ಉತ್ತರ ತಿಳಿದಿರಲಿಲ್ಲ. ಆಟದ ಬಯಲಿನ ಕಡೆ ನಾನು ತಿರುಗಿ ನೋಡಿದವನೇ ಅಲ್ಲ. ಹತ್ತನೆಯ ತರಗತಿಯನ್ನು ಅವನು ದಾಟಲಿಲ್ಲ. ಆ ನಷ್ಟವನ್ನು ನಾನು ನನ್ನ ಲೆಕ್ಕದಲ್ಲೇ ಬರೆದುಕೊಂಡಿದ್ದೇನೆ. ಗೋಲಿನ ಮುಂದೆ ನಿಂತಾಗ ಅವನಲ್ಲಿದ್ದ ಎಚ್ಚರ, ಧೈರ್ಯ, ಬಿದ್ದು ಏಳುವ ಗುಣ ಇವೆಲ್ಲವನ್ನೂ ಒತ್ತಕ್ಷರದ ಕಡೆಗೆ ತಿರುಗಿಸುವ ಜಾಣ್ಮೆ ನನಗಿರಬೇಕಾಗಿತ್ತು. ಅವನ ಬಲಗಾಲನ್ನು ಕಟ್ಟಿಹಾಕಿ ಎಡಗಾಲಿನಲ್ಲಿ ಓಡು ಎಂದೆ. ರಹೀಂ ಅವರು ಮಕ್ಕಳ ದುರ್ಬಲವಾದ ಕಾಲನ್ನು ಬಲಪಡಿಸಿದ್ದು ಆಟವಾಡಿಸಿ. ಆಟ ಬಿಡಿಸಿ ಅಲ್ಲ.

ಅಂದಿನಿಂದ ವಾರಕ್ಕೆ ಎರಡು ಸಂಜೆ ನಾನು ಬಯಲಿನ ಅಂಚಿನಲ್ಲಿ ನಿಲ್ಲುತ್ತೇನೆ. ಆಟದ ಸೂಕ್ಷ್ಮಗಳೆಲ್ಲ ತಿಳಿಯದಿದ್ದರೂ ಮಕ್ಕಳು ತಿಳಿಯುತ್ತಾರೆ. ತರಗತಿಯಲ್ಲಿ ಬಾಯಿಬಿಡದ ಹುಡುಗ ಅಲ್ಲಿ ಹತ್ತು ಮಂದಿಗೆ ಕೂಗಿ ದಾರಿ ತೋರಿಸುವುದನ್ನು ಕಾಣುತ್ತೇನೆ. ನೂರಕ್ಕೆ ತೊಂಬತ್ತೈದು ತೆಗೆಯುವ ಜಾಣ, ಚೆಂಡು ತಪ್ಪಿದೊಡನೆ ಜೊತೆಯವನನ್ನು ಬಯ್ಯುವುದನ್ನೂ ಕಾಣುತ್ತೇನೆ. ಮರುದಿನ ಅವರಿಬ್ಬರಿಗೂ ನಾನು ಪಾಠ ಹೇಳುವ ರೀತಿ ಬೇರೆಯಾಗುತ್ತದೆ.

ಮಕ್ಕಳನ್ನು ಆಟಕ್ಕೆ ಕಳುಹಿಸುವ ತಂದೆತಾಯಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ಮಗು ಬೆವರಿ ಮನೆಗೆ ಬಂದೊಡನೆ 'ಗೆದ್ದೆಯಾ?' ಎಂದು ಕೇಳಬೇಡಿ. 'ಇವತ್ತು ಯಾರಿಗೆ ಚೆಂಡು ಕೊಟ್ಟೆ?' ಎಂದು ಕೇಳಿ. ಮಕ್ಕಳು ಜಾಣರು; ಮನೆಯವರು ಯಾವುದನ್ನು ಕೇಳುತ್ತಾರೋ ಅದನ್ನೇ ಬೆಲೆಯುಳ್ಳದ್ದೆಂದು ತಿಳಿಯುತ್ತಾರೆ. ಈಗ ಹಣ ಕೊಟ್ಟು ಸೇರಿಸುವ ತರಬೇತಿ ಕೇಂದ್ರಗಳು ಪಟ್ಟಣಗಳಲ್ಲಿ ಬಂದಿವೆ. ಸೇರಿಸಿರಿ, ತಪ್ಪಿಲ್ಲ. ಆದರೆ ಅಲ್ಲಿಯ ಗುರುವು ಸೋತ ದಿನ ಮಕ್ಕಳೊಡನೆ ಹೇಗೆ ಮಾತನಾಡುತ್ತಾನೆಂಬುದನ್ನು ಒಮ್ಮೆ ನಿಂತು ಕೇಳಿಸಿಕೊಂಡು ಸೇರಿಸಿರಿ. ನೀವೂ ಗೆರೆಯಾಚೆ ನಿಂತು ರೆಫರಿಯನ್ನು ಬಯ್ಯಬೇಡಿ. ಇಂದು ರೆಫರಿಯ ಮೇಲೆ ಕೂಗುವುದನ್ನು ನಿಮ್ಮಿಂದ ಕಲಿತವನು ನಾಳೆ ನಿಮ್ಮ ಮೇಲೆ ಕೂಗುತ್ತಾನೆ.

ಹತ್ತನೆಯ ತರಗತಿ ಬಂತೆಂದು ಆಟವನ್ನು ಪೂರ್ತಿ ನಿಲ್ಲಿಸುವವರೂ ಇದ್ದಾರೆ. ಹಗಲೆಲ್ಲ ಶಾಲೆ, ಸಂಜೆ ಮನೆಪಾಠ, ರಾತ್ರಿ ಪುಸ್ತಕ, ನಡುವೆ ಬಿಡುವು ಸಿಕ್ಕರೆ ಕೈಯಲ್ಲಿ ಮೊಬೈಲು. ಆ ಒಂದು ವರ್ಷವೇ ಮಗುವಿಗೆ ಮುಕ್ಕಾಲು ಗಂಟೆಯ ಬಯಲು ಎಲ್ಲಕ್ಕಿಂತ ಹೆಚ್ಚು ಬೇಕಾದ ವರ್ಷ. ಹೆಣ್ಣುಮಕ್ಕಳನ್ನು ಆ ಮೊದಲೇ, ಏಳನೆಯ ತರಗತಿಗೇ, ಬಯಲಿನಿಂದ ಕರೆದುಕೊಂಡುಬಿಡುತ್ತೇವೆ. 2025ರ ಜುಲೈಯಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳ ತಂಡ ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ ಏಷ್ಯ ಕಪ್ಪಿನ ಪಂದ್ಯಗಳಿಗೆ ಅರ್ಹತೆ ಪಡೆಯಿತು. ಅವರ ಮನೆಗಳಲ್ಲಿ ಯಾರೋ ಒಬ್ಬ ತಾಯಿ, ಒಬ್ಬ ಅಣ್ಣ, 'ಹೋಗು, ಆಡಿಕೊಂಡು ಬಾ' ಎಂದಿದ್ದರಿಂದ ತಾನೆ ಅದು ಸಾಧ್ಯವಾದದ್ದು? ಎಲ್ಲರೂ ದೇಶಕ್ಕಾಗಿ ಆಡಲಾರರು. ಆದರೆ ಬಿದ್ದಾಗ ಅಳದೆ ಏಳುವುದು, ತನ್ನ ಪಾಲಿನ ಚೆಂಡಿಗಾಗಿ ಕೂಗಿ ಕೇಳುವುದು ಹೆಣ್ಣುಮಕ್ಕಳಿಗೂ ಬೇಕಾದ ವಿದ್ಯೆಗಳೇ.

ದ್ರೋಣರು ದೊಡ್ಡ ಗುರುಗಳು. ಆದರೆ ಅವರು ಬಾವಿಯಿಂದ ಚೆಂಡನ್ನು ಎತ್ತಿಕೊಟ್ಟಮೇಲೆ ಹುಡುಗರ ಕೈಗೆ ಬಿಲ್ಲನ್ನು ಕೊಟ್ಟರು. ಒಬ್ಬನನ್ನು ಮೆಚ್ಚಿದರು, ಇನ್ನೊಬ್ಬನ ಹೆಬ್ಬೆರಳನ್ನು ಕೇಳಿದರು. ಆ ಚೆಂಡಾಟ ಮುಂದೆ ಏನಾಯಿತೆಂದು ಭಾರತದಲ್ಲಿ ಎಲ್ಲಿಯೂ ಹೇಳಿಲ್ಲ. ನಮ್ಮ ಮಕ್ಕಳ ಚೆಂಡೂ ಒಮ್ಮೊಮ್ಮೆ ಬಾವಿಗೆ ಬೀಳುತ್ತದೆ, ಚರಂಡಿಗೆ ಬೀಳುತ್ತದೆ, ಪಕ್ಕದ ಮನೆಯ ಕಾಂಪೌಂಡಿಗೆ ಬೀಳುತ್ತದೆ. ಎತ್ತಿಕೊಟ್ಟು, ಮತ್ತೆ ಅದನ್ನೇ ಅವರ ಕೈಗೆ ಕೊಡೋಣ. ನಾಳೆ ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ನಿಮ್ಮ ಬಡಾವಣೆಯ ಬಯಲಿನ ಅಂಚಿಗೆ ಹೋಗಿ ನಿಲ್ಲಿರಿ. ಗೋಲಿಗೆ ಯಾರು ನಿಲ್ಲುತ್ತಾರೆಂಬುದನ್ನು ತಿಳಿದುಕೊಂಡು ಬನ್ನಿರಿ.